ಹೊಸ್ತಿಲ ಮೇಲಿನ ಮುಖ: ಕನ್ನಡ ನಿಯತಕಾಲಿಕಗಳ ಮುಖಪುಟವೂ ಅದರ ಓದುಗರೂ



ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಪತ್ರಿಕೆಯ ಒಳಗಿನ ಬರಹವನ್ನಲ್ಲ, ಅದರ ಮೇಲಿನ ಹಾಳೆಯನ್ನು. ಕನ್ನಡ ಪತ್ರಿಕೋದ್ಯಮದ ಚರಿತ್ರೆಯನ್ನು ಕುರಿತು ನಮ್ಮಲ್ಲಿ ಬೆಲೆಯುಳ್ಳ ಕೆಲಸ ನಡೆದಿದೆ. ಸಂಪಾದಕರ ಜೀವನಕಥೆಗಳಿವೆ, ಪತ್ರಿಕೆಗಳು ಹುಟ್ಟಿದ ಮತ್ತು ನಿಂತುಹೋದ ಲೆಕ್ಕವಿದೆ, ಅವುಗಳಲ್ಲಿ ಬಂದ ಕಥೆ ಕಾದಂಬರಿಗಳ ವಿಮರ್ಶೆಯಿದೆ. ಮುಖಪುಟವನ್ನೇ ಒಂದು ಪಠ್ಯವೆಂದು ಬಗೆದು ಓದಿದ್ದು ಮಾತ್ರ ಕಡಿಮೆ. ಇದಕ್ಕೆ ಕಣ್ಣೆದುರಿನ ಕಾರಣವೊಂದಿದೆ. ಗ್ರಂಥಾಲಯಗಳು ವರ್ಷದ ಸಂಚಿಕೆಗಳನ್ನು ಕೂಡಿಸಿ ಬೈಂಡ್ ಮಾಡಿಸುವಾಗ ಮುಖಪುಟಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತುಬಿಡುವ ರೂಢಿ ಬಹುಕಾಲ ಇತ್ತು. ಮನೆಗಳಲ್ಲೂ ಅಷ್ಟೇ: ಮೆಚ್ಚಿದ ಧಾರಾವಾಹಿಯ ಪುಟಗಳನ್ನು ವಾರವಾರವೂ ಬಿಡಿಸಿಟ್ಟು, ಕೊನೆಗೆ ದಪ್ಪ ದಾರದಲ್ಲಿ ಹೊಲಿದು, ಮೇಲೊಂದು ರಟ್ಟು ಅಂಟಿಸಿ ಕಾಪಾಡಿಕೊಂಡರು, ನುಣುಪಾದ ಮುಖಪುಟ ಮಕ್ಕಳ ಶಾಲೆಯ ಪುಸ್ತಕಕ್ಕೆ ಬೈಂಡು ಹಾಕಲು ಹೋಯಿತು. ಜನರ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬಿದ್ದ ಹಾಳೆ, ಸಂಶೋಧಕರ ಕೈಗೆ ಎಲ್ಲಕ್ಕಿಂತ ಅಪರೂಪಕ್ಕೆ ಸಿಗುವ ಹಾಳೆಯಾಗಿದೆ.

ವಿನ್ಯಾಸದ ಪಠ್ಯಪುಸ್ತಕಗಳು ಮುಖಪುಟದ ಬಗ್ಗೆ ಒಂದು ಸೂತ್ರವನ್ನು ಮುಂದಿಡುತ್ತವೆ. ಪ್ರತಿಯೊಂದು ಪತ್ರಿಕೆಗೂ ಗುರಿಯಾದ ಓದುಗನೊಬ್ಬನಿದ್ದಾನೆ; ಅವನ ವಯಸ್ಸು, ವರಮಾನ, ಅಭಿರುಚಿಗಳನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು; ಆಮೇಲೆ ಅವನ ಕಣ್ಣು ನಿಲ್ಲುವಂತೆ ಬಣ್ಣ, ಅಕ್ಷರ, ಚಿತ್ರಗಳನ್ನು ಹೊಂದಿಸಬೇಕು. ಅಮೆರಿಕ, ಇಂಗ್ಲೆಂಡುಗಳ ಪತ್ರಿಕೆಗಳ ಮಟ್ಟಿಗೆ ಈ ಸೂತ್ರ ತಕ್ಕಮಟ್ಟಿಗೆ ನಿಜವೇ. ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆಗಳಿಗೆ, ಅದರಲ್ಲೂ 1950ರ ದಶಕದಿಂದ 1990ರ ದಶಕದವರೆಗಿನ ಅವುಗಳ ಏಳಿಗೆಯ ಕಾಲಕ್ಕೆ, ಈ ಅಳತೆಗೋಲು ಹೊಂದುವುದಿಲ್ಲ ಎಂಬುದು ನನ್ನ ವಾದ. ಆ ಮುಖಪುಟಗಳು ಒಬ್ಬ ಓದುಗನನ್ನು ಕರೆಯುತ್ತಿರಲಿಲ್ಲ, ಒಂದು ಮನೆಯ ಒಪ್ಪಿಗೆಯನ್ನು ಕೇಳುತ್ತಿದ್ದವು. ಅಂಗಡಿಯಲ್ಲಿ ಕೊಳ್ಳುವವನ ಕಣ್ಣಿಗೆ ಬೀಳುವುದು ಅವುಗಳ ಅರ್ಧ ಕೆಲಸ. ಕೊಂಡವನು ಅದನ್ನು ಮನೆಗೆ ತಂದು ನಡುಮನೆಯ ಮೇಜಿನ ಮೇಲೆ ಯಾವ ಸಂಕೋಚವೂ ಇಲ್ಲದೆ ಇಡಬಹುದು ಎಂಬ ಭರವಸೆ ಕೊಡುವುದು ಉಳಿದರ್ಧ, ಮತ್ತು ಹೆಚ್ಚಿನರ್ಧ. ನಮ್ಮ ಮುಖಪುಟಗಳ ಬಹುಪಾಲು ರೂಢಿಗಳನ್ನು ಈ ಎರಡನೆಯ ಕೆಲಸದಿಂದಲೇ ವಿವರಿಸಬಹುದು ಎಂದು ನನಗೆ ತೋರುತ್ತದೆ.

ಮೊದಲು ಹಿಂದಿನ ಘಟ್ಟವನ್ನು ನೋಡೋಣ. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಹೊರಟ ‘ಪ್ರಬುದ್ಧ ಕರ್ನಾಟಕ’ವಾಗಲಿ, ಆಲೂರು ವೆಂಕಟರಾಯರು 1922ರಲ್ಲಿ ಧಾರವಾಡದಿಂದ ಹೊರಡಿಸಿದ ‘ಜಯ ಕರ್ನಾಟಕ’ವಾಗಲಿ, ನಂಜನಗೂಡಿನ ತಿರುಮಲಾಂಬ ಅವರ ‘ಕರ್ನಾಟಕ ನಂದಿನಿ’ಯಾಗಲಿ, ಆರ್. ಕಲ್ಯಾಣಮ್ಮನವರ ‘ಸರಸ್ವತಿ’ಯಾಗಲಿ ಮುಖ್ಯವಾಗಿ ಚಂದಾದಾರರ ಪತ್ರಿಕೆಗಳು. ಅವು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ವರ್ಷದ ಚಂದಾ ಕೊಟ್ಟಾಗಲೇ ಓದುಗ ಒಪ್ಪಿಯಾಗಿತ್ತು. ಅಂಥ ಪತ್ರಿಕೆಯ ಮುಖಪುಟ ಯಾರನ್ನೂ ಕೂಗಿ ಕರೆಯಬೇಕಿರಲಿಲ್ಲ. ಪುಸ್ತಕದ ಮೊದಲ ಪುಟ ಮಾಡುವ ಕೆಲಸವನ್ನಷ್ಟೇ ಅದು ಮಾಡಿದರೆ ಸಾಕಿತ್ತು. ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಸಂಪಾದಕರು, ಹೆಚ್ಚೆಂದರೆ ಒಂದು ಲಾಂಛನ ಅಥವಾ ಪರಿವಿಡಿ. ಆ ಕಾಲದ ಹೆಸರುಗಳಲ್ಲೇ ಒಂದು ದನಿ ಕೇಳುತ್ತದೆ. 1921ರಲ್ಲಿ ಹುಟ್ಟಿದ್ದು ‘ಕರ್ಮವೀರ’. ಪ್ರಬುದ್ಧ, ಜಯ, ಕರ್ಮ, ವೀರ: ಇವು ಸಭೆಯ ಮಾತುಗಳು, ನಾಡಿನ ಮಾತುಗಳು. ಮುಂದೆ 1956ರಲ್ಲಿ ಹುಬ್ಬಳ್ಳಿಯಿಂದ ಬಂದದ್ದು ‘ಕಸ್ತೂರಿ’. 1965ರಲ್ಲಿ ಬೆಂಗಳೂರಿನಿಂದ ‘ಸುಧಾ’, 1968ರಲ್ಲಿ ‘ಮಯೂರ’, ಮಣಿಪಾಲದಿಂದ ‘ತುಷಾರ’, 1983ರಲ್ಲಿ ‘ತರಂಗ’, ಜೊತೆಗೆ ‘ಮಲ್ಲಿಗೆ’. ಪರಿಮಳ, ಅಮೃತ, ಹಕ್ಕಿ, ಹಿಮ, ಅಲೆ, ಹೂವು. ಆರು ದಶಕಗಳಲ್ಲಿ ಪತ್ರಿಕೆಗಳ ಹೆಸರು ಸಭೆಯಿಂದ ಎದ್ದು ಮನೆಯಂಗಳಕ್ಕೆ ಬಂದದ್ದನ್ನು ಈ ಪಟ್ಟಿಯೇ ತೋರಿಸುತ್ತದೆ. ಈ ನಡುವೆ, 1942ರಲ್ಲಿ, ರಾಶಿಯವರು ತಮ್ಮ ಹಾಸ್ಯ ಪತ್ರಿಕೆಗೆ ಇಟ್ಟ ಹೆಸರನ್ನು ಮಾತ್ರ ನಾನು ಬೇರೆಯಾಗಿ ನೆನೆಯುತ್ತೇನೆ: ‘ಕೊರವಂಜಿ’. ವಿದ್ಯಾರ್ಥಿಯಾಗಿದ್ದ ಆರ್.ಕೆ. ಲಕ್ಷ್ಮಣರ ರೇಖೆಗಳಿಗೆ ಜಾಗ ಕೊಟ್ಟ ಪತ್ರಿಕೆ ಅದು. ಕೊರವಂಜಿ ಎಂದರೆ ಮನೆಬಾಗಿಲಿಗೆ ಬಂದು ನಿಂತು ಕಣಿ ಹೇಳುವವಳು. ಹೊಸ್ತಿಲಾಚೆ ನಿಂತು ಒಳಗಿನವರ ಜೊತೆ ಮಾತಾಡುವವಳು. ಪತ್ರಿಕೆಯ ಸ್ಥಾನ ಯಾವುದೆಂಬುದನ್ನು ಅಷ್ಟು ಸರಿಯಾಗಿ ಹಿಡಿದ ಹೆಸರು ಕನ್ನಡದಲ್ಲಿ ಇನ್ನೊಂದಿಲ್ಲ.

ಚಂದಾದಾರನ ಜಾಗಕ್ಕೆ ಬಿಡಿ ಪ್ರತಿ ಕೊಳ್ಳುವವನು ಬಂದಾಗ ಮುಖಪುಟದ ರೂಪ ಬದಲಾಗಲೇಬೇಕಾಯಿತು. ರೈಲು ನಿಲ್ದಾಣಗಳ ಹಿಗಿನ್‌ಬಾಥಮ್ಸ್ ಮಳಿಗೆ, ಬಸ್ ನಿಲ್ದಾಣದ ಪುಸ್ತಕದಂಗಡಿ, ಪೇಟೆಬೀದಿಯ ಬೀಡಾ ಅಂಗಡಿ: ಇವು ಹೊಸ ಮಾರಾಟದ ಕಟ್ಟೆಗಳು. ಇಲ್ಲಿ ಪತ್ರಿಕೆ ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡು ಮೊಳೆಗಳ ನಡುವೆ ಬಿಗಿದ ಹುರಿ. ಹುರಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದ ಪತ್ರಿಕೆ. ಅದರ ಮುಂದೆ, ತುಸು ಕೆಳಗೆ, ಇನ್ನೊಂದು ಹುರಿ, ಇನ್ನೊಂದು ಸಾಲು. ಹಲಗೆಯ ಮೇಲಾದರೆ ಮೆಟ್ಟಿಲಿನಂತೆ ಒಂದರ ಮೇಲೊಂದು ಜಾರಿಸಿ ಹರಡಿದ ಸಂಚಿಕೆಗಳು. ಎರಡು ಕಡೆಯೂ ಹಿಂದಿನ ಸಾಲಿನ ಪತ್ರಿಕೆಯ ಮೇಲ್ಭಾಗವಷ್ಟೇ ಕಾಣುತ್ತದೆ. ಪಶ್ಚಿಮದ ಅಂಗಡಿಗಳ ಕಪಾಟಿನಲ್ಲಿ ಪತ್ರಿಕೆಗಳನ್ನು ಪಕ್ಕಪಕ್ಕಕ್ಕೆ ಒತ್ತಿ ಜೋಡಿಸುವುದರಿಂದ ಎಡಗಡೆಯ ಮೂರನೇ ಒಂದು ಪಾಲು ಕಾಣುತ್ತದೆ; ಆದ್ದರಿಂದ ಮುಖ್ಯ ಮಾತುಗಳನ್ನು ಎಡ ಅಂಚಿಗೆ ಹಾಕಬೇಕೆಂದು ಅಲ್ಲಿನ ವಿನ್ಯಾಸಕಾರರು ಕಲಿಸುತ್ತಾರೆ. ನಮ್ಮ ಹುರಿಯ ಮೇಲೆ ಆ ಎಡ ಅಂಚಿಗೆ ವಿಶೇಷ ಬೆಲೆಯಿಲ್ಲ. ಇಲ್ಲಿ ನೆತ್ತಿಯೇ ಎಲ್ಲ. ಹೆಸರು ಮೇಲೆ, ಅಗಲವಾಗಿ, ಅಡ್ಡಿಯಿಲ್ಲದೆ ಇರಬೇಕು. ಅದರ ಕೆಳಗೆ ಕಣ್ಣು ನಿಲ್ಲುವಂಥ ಒಂದು ಮುಖ, ಹಣೆ ಕಣ್ಣುಗಳಾದರೂ ಹೊರಗೆ ಇಣುಕುವಷ್ಟು ಎತ್ತರದಲ್ಲಿ ಇರಬೇಕು.

ಹೆಸರು ಅಡ್ಡಿಯಿಲ್ಲದೆ ಇರಬೇಕೆಂಬುದಕ್ಕೆ ಲಿಪಿಯೂ ಕಾರಣ. ‘ಟೈಮ್’, ‘ವೋಗ್’ ಮುಂತಾದ ಇಂಗ್ಲಿಷ್ ಪತ್ರಿಕೆಗಳಲ್ಲಿ ಚಿತ್ರದಲ್ಲಿರುವವರ ತಲೆ ಪತ್ರಿಕೆಯ ಹೆಸರಿನ ಒಂದೆರಡು ಅಕ್ಷರಗಳನ್ನು ಮರೆಮಾಡುವುದು ಸಾಮಾನ್ಯ ರೂಢಿ. ದೊಡ್ಡಕ್ಷರಗಳು ಒಂದೇ ಎತ್ತರದ ಗೋಡೆಯಂತೆ ನಿಲ್ಲುವುದರಿಂದ ನಡುವೆ ಒಂದು ಕಲ್ಲು ಮರೆಯಾದರೂ ಗೋಡೆಯ ಗುರುತು ಹೋಗುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ‘ಸುಧಾ’ ಎಂಬ ಎರಡಕ್ಷರದ ಹೆಸರನ್ನೇ ತೆಗೆದುಕೊಳ್ಳಿ. ಕೊಂಬು ಮರೆಯಾದರೆ ಅದು ‘ಸಧಾ’. ಧಕಾರದ ಕೆಳಗಿನ ಸಣ್ಣ ಸೀಳುಗೀಟು ಮರೆಯಾದರೆ ‘ಸುದಾ’. ‘ಕಸ್ತೂರಿ’ಯಲ್ಲಿ ಸಕಾರದ ಕೆಳಗೆ ಒತ್ತು ಇಳಿದಿದೆ, ಕೊನೆಯ ಅಕ್ಷರದ ನೆತ್ತಿಯ ಮೇಲೆ ಗುಡಿಸು ಕೂತಿದೆ, ಮೇಲಕ್ಕೂ ಕೆಳಕ್ಕೂ ಜಾಗ ಬೇಕು. ಅರ್ಥವನ್ನು ಹೊರುವ ಭಾಗಗಳು ಅಕ್ಷರದ ಒಡಲಿಗಿಂತ ಅದರ ಅಂಚುಗಳಲ್ಲೇ ಹೆಚ್ಚಾಗಿರುವ ಲಿಪಿ ನಮ್ಮದು. ಚಿತ್ರ ಹೆಸರಿನ ಮೇಲೆ ಏರಿ ಬಂದರೆ ಮೊದಲು ಕಳೆದುಹೋಗುವುದು ಆ ಅಂಚುಗಳೇ. ಹೀಗಾಗಿ ಕನ್ನಡ ಮುಖಪುಟದಲ್ಲಿ ಹೆಸರಿಗೊಂದು ಪಟ್ಟಿ, ಚಿತ್ರಕ್ಕೊಂದು ಚೌಕಟ್ಟು ಎಂಬ ವಿಭಜನೆ ಬಹುಕಾಲ ಉಳಿಯಿತು. ಇದನ್ನು ಹಳೆಯ ಕಾಲದ ವಿನ್ಯಾಸ, ಧೈರ್ಯ ಸಾಲದ ವಿನ್ಯಾಸ ಎಂದು ಟೀಕಿಸುವವರಿದ್ದಾರೆ. ನನಗೆ ಅದು ಲಿಪಿಯ ಸ್ವಭಾವ ಬಲ್ಲವರು ಮಾಡಿದ ಸರಿಯಾದ ತೀರ್ಮಾನವೆಂದೇ ಕಾಣುತ್ತದೆ.

ಮೂರನೆಯ ಕಾರಣ ಅಚ್ಚುಮನೆಯದು. ಒಳಪುಟಗಳಿಗೆ ಸಾಧಾರಣ ಕಾಗದ, ಮುಖಪುಟಕ್ಕೆ ದಪ್ಪ ನುಣುಪು ಕಾಗದ. ಬಣ್ಣದ ಚಿತ್ರವನ್ನು ನಾಲ್ಕು ಬಣ್ಣಗಳಾಗಿ ಬಿಡಿಸಿ, ಒಂದೊಂದಕ್ಕೂ ಬ್ಲಾಕ್ ಮಾಡಿಸಿ, ಒಂದರ ಮೇಲೊಂದು ಕೂರುವಂತೆ ಅಚ್ಚು ಹಾಕಬೇಕು. ಇದು ನಿಧಾನದ ಕೆಲಸ, ದುಬಾರಿ ಕೆಲಸ. ಹೀಗಾಗಿ ಮುಖಪುಟ ಒಳಪುಟಗಳಿಗಿಂತ ಮುಂಚೆಯೇ ಅಚ್ಚಾಗಿ ಕಾದಿರುತ್ತಿತ್ತು. ವಾರಪತ್ರಿಕೆಯಾದರೂ ಆ ವಾರದ ಘಟನೆ ಮುಖಪುಟಕ್ಕೆ ಏರುವುದು ಕಷ್ಟವಿತ್ತು. ಮುಂಚೆಯೇ ಅಚ್ಚಾಗುವ ಚಿತ್ರ ಹಳಸದ ಚಿತ್ರವಾಗಿರಬೇಕು: ನಗುಮುಖದ ಯುವತಿ, ಆಡುವ ಮಗು, ಜಲಪಾತ, ದೇವಾಲಯ, ಹೂವಿನ ಮೇಲಿನ ಚಿಟ್ಟೆ. ಯುಗಾದಿಗೆ ಮಾವು ಬೇವು, ದೀಪಾವಳಿಗೆ ಹಣತೆ, ಸಂಕ್ರಾಂತಿಗೆ ಸುಗ್ಗಿ. ಸುದ್ದಿಯ ಗಡಿಯಾರದ ಬದಲು ಪಂಚಾಂಗವನ್ನು ಅನುಸರಿಸಿದ ಮುಖಪುಟಗಳು ಇವು. ಹಬ್ಬದ ದಿನ ಯಾವುದೆಂಬುದು ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ; ಬ್ಲಾಕ್ ಮಾಡುವವನಿಗೆ ಅದಕ್ಕಿಂತ ಅನುಕೂಲದ ವಿಷಯ ಇನ್ನೊಂದಿಲ್ಲ. ಮನೆಯ ಗೋಡೆಯ ಕ್ಯಾಲೆಂಡರೂ ಮುಖಪುಟವೂ ಹೀಗೆ ಒಂದೇ ಕಾಲಗತಿಗೆ ಸೇರಿಕೊಂಡವು.

ಅಂಗಡಿ, ಲಿಪಿ, ಅಚ್ಚು ಈ ಮೂರೂ ಸೇರಿ ಮುಖಪುಟದ ಮೈಕಟ್ಟನ್ನು ವಿವರಿಸುತ್ತವೆ. ಆದರೆ ಹಳಸದ ಚಿತ್ರಗಳು ನೂರಿದ್ದಾಗ ಅದೇ ಯುವತಿಯ ಮುಖ ಏಕೆ ಮತ್ತೆ ಮತ್ತೆ ಬಂತು ಎಂಬುದಕ್ಕೆ ಉತ್ತರ ಇವುಗಳಲ್ಲಿಲ್ಲ. ಇಲ್ಲಿ ಓದುಗರ ಪ್ರಶ್ನೆ ಬರುತ್ತದೆ. ಭಾರತದಲ್ಲಿ ಪತ್ರಿಕೆಗಳನ್ನು ಅಳೆಯುವ ಎರಡು ಬಗೆಗಳಿವೆ. 1948ರಲ್ಲಿ ಸ್ಥಾಪನೆಯಾದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಮಾರಾಟವಾದ ಪ್ರತಿಗಳನ್ನು ಎಣಿಸುತ್ತದೆ. ಓದುಗರ ಸಮೀಕ್ಷೆಗಳು ಓದಿದ ತಲೆಗಳನ್ನು ಎಣಿಸುತ್ತವೆ. ಎರಡನೆಯ ಸಂಖ್ಯೆ ಮೊದಲನೆಯದರ ಹಲವು ಪಟ್ಟು. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ಇರುವುದೇ ಮನೆ. ಮನೆಯ ಜೊತೆಗೆ ನೆರೆಮನೆ, ಕ್ಷೌರದ ಅಂಗಡಿ, ಸರ್ಕ್ಯುಲೇಟಿಂಗ್ ಲೈಬ್ರರಿ. ‘ಸುಧಾ’, ‘ತರಂಗ’ಗಳ ಒಳಪುಟಗಳ ಹಂಚಿಕೆಯೇ ಇದನ್ನು ಹೇಳುತ್ತದೆ. ಅಲ್ಲಿ ಧಾರಾವಾಹಿಯಿದೆ, ಅಡುಗೆಯಿದೆ, ಮಕ್ಕಳಿಗೆ ಚಿತ್ರಕಥೆಯಿದೆ, ವಾರಭವಿಷ್ಯವಿದೆ, ಸಿನಿಮಾ ಇದೆ, ಪದಬಂಧವಿದೆ. ಅಜ್ಜಿಯೂ ಮೊಮ್ಮಗನೂ ಒಂದೇ ಸಂಚಿಕೆಗೆ ಜಗಳವಾಡಬೇಕು ಎಂಬ ಲೆಕ್ಕ ಅದು. ಇಂಥ ಪತ್ರಿಕೆಗೆ ಒಬ್ಬ ಗುರಿ ಓದುಗನನ್ನು ಹುಡುಕುವುದು ಹಬ್ಬದ ಊಟ ಯಾರೊಬ್ಬರಿಗಾಗಿ ಎಂದು ಕೇಳಿದಂತೆ.

ಆ ಯುವತಿಯ ಮುಖವನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಲಕ್ಷಣಗಳು ಒಂದೊಂದಾಗಿ ಅರ್ಥವಾಗುತ್ತವೆ. ಬ್ರಿಟನ್ನಿನ ಮಹಿಳಾ ಪತ್ರಿಕೆಗಳ ಮುಖಪುಟಗಳನ್ನು ಅಭ್ಯಸಿಸಿದ ಸಮಾಜವಿಜ್ಞಾನಿ ಮಾರ್ಜರಿ ಫರ್ಗುಸನ್, ಅಲ್ಲಿನ ಹೆಣ್ಣುಮುಖಗಳ ಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಮಿಠಾಯಿ ಡಬ್ಬದ ಮೇಲಿನ ಚಿತ್ರದಂಥ ಸೌಮ್ಯ ಮುಖ, ಆಹ್ವಾನಿಸುವ ಮುಖ, ಬಾಯ್ತುಂಬ ನಗುವ ಮುಖ, ಪ್ರಣಯದ ಮುಖ. ಕನ್ನಡ ವಾರಪತ್ರಿಕೆಗಳು ಹಿಡಿದದ್ದು ಬಹುಮಟ್ಟಿಗೆ ಮೊದಲನೆಯದನ್ನು. ಸೀರೆ ಅಥವಾ ಲಂಗದಾವಣಿ, ಹಣೆಯಲ್ಲಿ ಬೊಟ್ಟು, ಮುಡಿಯಲ್ಲಿ ಹೂವು, ತುಟಿಯಂಚಿನ ನಗೆ. ಮುಖ ಕ್ಯಾಮೆರಾದ ಕಡೆಗಿದೆ, ಆದರೆ ನೋಟ ಯಾರನ್ನೂ ಪ್ರತ್ಯೇಕವಾಗಿ ಉದ್ದೇಶಿಸಿಲ್ಲ. ಮದುವೆಮನೆಯಲ್ಲಿ ಬಂದವರಿಗೆಲ್ಲ ಅರಿಸಿನ ಕುಂಕುಮ ಕೊಡಲು ನಿಂತ ಹುಡುಗಿಯ ನೋಟದಂತೆ ಅದು ಎಲ್ಲರಿಗೂ ಸಲ್ಲುತ್ತದೆ. ಮನೆಯ ಯಜಮಾನನಿಗೆ ಅವಳು ಮಗಳ ವಯಸ್ಸಿನವಳು, ಗೃಹಿಣಿಗೆ ಸೀರೆಯ ಅಂಚು ತೋರಿಸುವವಳು, ಹರೆಯದವರಿಗೆ ಚೆಲುವೆ. ಮೂವರಲ್ಲಿ ಯಾರೂ ಇನ್ನಿಬ್ಬರ ಮುಂದೆ ಆ ಪತ್ರಿಕೆಯನ್ನು ಮುಚ್ಚಿಡಬೇಕಾಗಿಲ್ಲ. ಆಯ್ಕೆ ಬಹಳ ಕಟ್ಟುನಿಟ್ಟಿನದು. ಇದನ್ನು ಸಿನಿಮಾ ಪತ್ರಿಕೆಗಳ ಮುಖಪುಟದ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮುಂಬಯಿಯಿಂದ ಹೊರಡುತ್ತಿದ್ದ ‘ಫಿಲ್ಮ್‌ಇಂಡಿಯಾ’ಕ್ಕೆ ಕಲಬುರಗಿಯ ಕಲಾವಿದ ಎಸ್.ಎಂ. ಪಂಡಿತರು ಬರೆದ ಮುಖಪುಟಗಳು ತಾರೆಯ ಮುಖವನ್ನು ಅಭಿಮಾನಿಯ ಕಣ್ಣಳತೆಗೆ ತಂದು ನಿಲ್ಲಿಸಿದವು. ಅಲ್ಲಿ ನೋಡುವವನು ಒಬ್ಬನೇ. ಅದೊಂದು ಬೇರೆ ಸಂಬಂಧ, ಬೇರೆ ಕಲೆ.

‘ಚಂದಮಾಮ’ದ ನಿದರ್ಶನ ಈ ವಾದವನ್ನು ಇನ್ನೊಂದು ದಿಕ್ಕಿನಿಂದ ಗಟ್ಟಿಮಾಡುತ್ತದೆ. ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭಿಸಿ ಬೇಗನೆ ಕನ್ನಡಕ್ಕೂ ತಂದ ಈ ಪತ್ರಿಕೆಯ ಓದುಗ ಮಗು ಎಂಬುದರಲ್ಲಿ ಸಂಶಯವಿಲ್ಲ. ಮಗುವಿಗೆ ಮೆಚ್ಚುವುದು ಬೇತಾಳ, ರಾಕ್ಷಸ, ಮಾಯಾಲೋಕ. ಆದರೆ ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರ ಕುಂಚದಿಂದ ಮುಖಪುಟಕ್ಕೆ ಬಂದದ್ದು ಮಹಾಭಾರತದ ಪ್ರಸಂಗಗಳು. ಆಳವಾದ ಬಣ್ಣ, ಒಡವೆಯ ಒಂದೊಂದು ಮಣಿಯನ್ನೂ ಬಿಡದ ರೇಖೆ, ಕಥೆಯ ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸಿದ ಪಾತ್ರಗಳು. ಒಳಗೇನಿದೆ ಎಂದು ಕೂಗುವ ಸಾಲುಗಳ ಗಲಾಟೆ ಆ ಮುಖಪುಟಗಳ ಮೇಲಿರಲಿಲ್ಲ. ಓದುವುದು ಮಗು, ದುಡ್ಡು ಕೊಡುವುದು ಹಿರಿಯರು. ಪುರಾಣದ ಚಿತ್ರ ಹಿರಿಯರ ಅನುಮತಿಯನ್ನು ಮೊದಲೇ ಪಡೆದುಕೊಂಡಿರುತ್ತದೆ. ಮಗುವಿಗೆ ಅದೇ ಚಿತ್ರ ಯುದ್ಧವಾಗಿ, ರಥವಾಗಿ, ಅದ್ಭುತವಾಗಿ ಕಾಣುತ್ತದೆ. ಒಂದೇ ಚಿತ್ರದಲ್ಲಿ ಎರಡು ತಲೆಮಾರಿಗೆ ಎರಡು ಮಾತು ಹೇಳಿದ ಈ ಕೌಶಲವನ್ನು ಕನ್ನಡ ಕಲಾಚರಿತ್ರೆ ಇನ್ನೂ ತಕ್ಕಷ್ಟು ಗೌರವಿಸಿಲ್ಲ ಎಂಬ ನೋವು ನನಗಿದೆ. ಅದೇ ಚಿತ್ರ ಹಲವು ಭಾಷೆಗಳ ಆವೃತ್ತಿಗಳಲ್ಲಿ, ಹೆಸರಿನ ಲಿಪಿ ಮಾತ್ರ ಬದಲಾಗಿ, ಅಷ್ಟೇ ಚೆನ್ನಾಗಿ ಸಂದಿತು ಎಂಬುದೂ ಗಮನಿಸಬೇಕಾದ ಮಾತು. ಭಾಷೆಗಳು ಬೇರೆಯಾದರೂ ಅವು ಊಹಿಸಿಕೊಂಡ ಮನೆ ಒಂದೇ ಆಗಿತ್ತು.

ಇಷ್ಟಕ್ಕೆ ಮೊದಲ ಆಕ್ಷೇಪ ಏಳುತ್ತದೆ. ಇದೆಲ್ಲ ಅತಿ ವ್ಯಾಖ್ಯಾನ. ಚೆಲುವಾದ ಮುಖ ಮಾರಾಟವಾಗುತ್ತದೆ, ಸಂಪಾದಕರು ಅದನ್ನು ಹಾಕಿದರು, ಇಂಗ್ಲಿಷ್ ಪತ್ರಿಕೆಗಳನ್ನು ನೋಡಿ ಕಲಿತರು, ಅದರಾಚೆ ಏನೂ ಇಲ್ಲ ಎನ್ನುವವರುಂಟು. ಅನುಕರಣೆ ಇತ್ತೆಂಬುದನ್ನು ನಾನು ಒಪ್ಪುತ್ತೇನೆ. ‘ಇಲಸ್ಟ್ರೇಟೆಡ್ ವೀಕ್ಲಿ’, 1959ರಲ್ಲಿ ಬಂದ ‘ಫೆಮಿನಾ’ ನಮ್ಮವರ ಕಣ್ಣಮುಂದಿದ್ದವು. ಆದರೆ ಮಾರಾಟಕ್ಕೆ ಚೆಲುವಾದ ಬಣ್ಣದ ಮುಖ ಅನಿವಾರ್ಯ ಎಂಬ ಮಾತನ್ನು ನಮ್ಮದೇ ಪತ್ರಿಕಾ ಚರಿತ್ರೆ ಸುಳ್ಳಾಗಿಸಿದೆ. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಬಂತು. ಜಾಹೀರಾತು ತೆಗೆದುಕೊಳ್ಳುವುದಿಲ್ಲ ಎಂದು ನಿಶ್ಚಯಿಸಿದ ಪತ್ರಿಕೆ ಅದು. ಅಂದರೆ ಓದುಗ ಕೊಡುವ ಕಾಸೇ ಅದರ ಜೀವ. ಮಾರಾಟದ ಒತ್ತಡ ಯಾವ ಪತ್ರಿಕೆಗಾದರೂ ಇದ್ದಿದ್ದರೆ ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಇರಬೇಕಿತ್ತು. ಆದರೂ ಅದರ ಮುಖ ಕಪ್ಪು ಬಿಳುಪು. ಒಳಗೂ ಹೊರಗೂ ಒಂದೇ ಅಗ್ಗದ ನ್ಯೂಸ್‌ಪ್ರಿಂಟ್. ದಪ್ಪ ಅಕ್ಷರದ ತಲೆಬರಹ, ರಾಜಕಾರಣಿಯ ಚಿತ್ರ. ಹಾಗಿದ್ದೂ ಅದು ನಾಡಿನಾದ್ಯಂತ ಹಬ್ಬಿತು. ಮುಖಪುಟಕ್ಕೆ ಬೇರೆ ಕಾಗದವಿಲ್ಲದ್ದರಿಂದ ಅದನ್ನು ಮುಂಚಿತವಾಗಿ ಅಚ್ಚು ಹಾಕುವ ಕಟ್ಟೂ ಇರಲಿಲ್ಲ. ಆ ವಾರದ ಸಿಟ್ಟು ಆ ವಾರವೇ ಮುಖಪುಟಕ್ಕೆ ಬರಬಹುದಿತ್ತು. ಇನ್ನೂ ಮುಖ್ಯವಾದ ವ್ಯತ್ಯಾಸ ಹೆಸರಿನದು. ಹೂವಿಲ್ಲ, ಹಕ್ಕಿಯಿಲ್ಲ, ಒಬ್ಬ ಮನುಷ್ಯನ ಹೆಸರು. ಒಬ್ಬ ಲೇಖಕ ಒಬ್ಬ ಓದುಗನೊಡನೆ ಮಾತಾಡುತ್ತಾನೆ ಎಂಬ ಘೋಷಣೆ ಆ ಹೆಸರಿನಲ್ಲೇ ಇದೆ. ಹಾಸ್ಟೆಲಿನ ಹುಡುಗ, ಹೋಟೆಲಿನ ಬೆಂಚಿನ ಮೇಲೆ ಕೂತವನು, ರಾತ್ರಿ ಬಸ್ಸಿನ ಪ್ರಯಾಣಿಕ ಅದನ್ನು ತನ್ನೊಬ್ಬನ ಪತ್ರಿಕೆಯಾಗಿ ಓದಿದ. ಮುಂದೆ 1995ರಲ್ಲಿ ‘ಹಾಯ್ ಬೆಂಗಳೂರ್’ ಕೂಡ ಕಪ್ಪು ಬಿಳುಪಿನಲ್ಲೇ ಬಂತು, ಮತ್ತು ಅದರ ಹೆಸರೇ ಎದುರಿಗಿರುವವನನ್ನು ಕೂಗುವ ಸಂಬೋಧನೆ. ಮನೆಯ ಒಪ್ಪಿಗೆ ಕೇಳಬೇಕಿಲ್ಲದ ಪತ್ರಿಕೆಗಳು ಆ ಒಪ್ಪಿಗೆಯ ಚಿಹ್ನೆಗಳನ್ನೂ ಬಿಟ್ಟುಕೊಟ್ಟವು. ಚೆಲುವೆಯ ಮುಖ ಬರಿಯ ಮಾರಾಟದ ತಂತ್ರವಾಗಿದ್ದರೆ ಈ ಪತ್ರಿಕೆಗಳು ಅದನ್ನು ಮೊದಲು ಹಿಡಿಯಬೇಕಿತ್ತು.

ಮನೆಯ ಪತ್ರಿಕೆ, ಒಬ್ಬನ ಪತ್ರಿಕೆ ಈ ಎರಡರ ನಡುವೆ ನಿಲ್ಲುವ ‘ಕಸ್ತೂರಿ’ಯ ಬಗ್ಗೆ ಒಂದು ಮಾತು. ‘ರೀಡರ್ಸ್ ಡೈಜೆಸ್ಟ್’ ಮಾದರಿಯ ಸಣ್ಣ ಆಕಾರ, ಕೈಚೀಲದಲ್ಲಿ ಹಿಡಿಯುವ ಅಳತೆ. ಪಾ.ವೆಂ. ಆಚಾರ್ಯರ ಕೈಯಲ್ಲಿ ಅದು ಕನ್ನಡದ ಸಾಮಾನ್ಯ ಓದುಗನಿಗೆ ಜಗತ್ತಿನ ಜ್ಞಾನವನ್ನು ತಂದುಕೊಟ್ಟಿತು. ಆಕಾರದಲ್ಲಿ ಅದು ಒಬ್ಬ ಓದುಗನದು, ಹೆಸರಿನಲ್ಲಿ ಮನೆಯದು. ಸಾಹಿತ್ಯದ ಸಣ್ಣ ಪತ್ರಿಕೆಗಳಾದ ‘ಸಾಕ್ಷಿ’, ‘ಸಂಕ್ರಮಣ’, ‘ಋಜುವಾತು’ಗಳದು ಮತ್ತೆ ಚಂದಾದಾರರ ಲೋಕ, ಅವುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಹೊಸ್ತಿಲಿನ ಮಾತು ಬರಿಯ ರೂಪಕವಲ್ಲ ಎಂಬುದಕ್ಕೆ ನೆರೆಯ ಕೇರಳದ ಒಂದು ಪ್ರಕರಣವನ್ನು ತಮ್ಮ ಮುಂದಿಡುತ್ತೇನೆ. ಮಾತೃಭೂಮಿ ಬಳಗದ ಮಹಿಳಾ ಪತ್ರಿಕೆ ‘ಗೃಹಲಕ್ಷ್ಮಿ’ 2018ರ ಮಾರ್ಚಿನಲ್ಲಿ ಮಗುವಿಗೆ ಎದೆಹಾಲು ಕೊಡುತ್ತಿರುವ ಹೆಣ್ಣಿನ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಸಾರ್ವಜನಿಕವಾಗಿ ಹಾಲೂಡಿಸುವ ತಾಯಂದಿರನ್ನು ದುರುಗುಟ್ಟಿ ನೋಡಬೇಡಿ ಎಂಬುದು ಅದರ ಸಂದೇಶ. ಚಿತ್ರದಲ್ಲಿದ್ದವರು ತಾಯಿಯಲ್ಲ, ರೂಪದರ್ಶಿ ಎಂಬ ಟೀಕೆ ಬಂತು. ಅಶ್ಲೀಲವೆಂಬ ದೂರು ಹೈಕೋರ್ಟಿನವರೆಗೂ ಹೋಯಿತು. ಅದರಲ್ಲಿ ಅಶ್ಲೀಲವೇನೂ ತಮಗೆ ಕಾಣುವುದಿಲ್ಲವೆಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ತೀರ್ಪು ಸರಿಯಾದದ್ದೆಂದೇ ನಾನು ಎಣಿಸುತ್ತೇನೆ. ಆದರೆ ಇಲ್ಲಿ ನನಗೆ ಮುಖ್ಯವಾದದ್ದು ದೂರು ಹುಟ್ಟಿದ ಜಾಗ. ಎದೆಹಾಲಿನ ಮಹತ್ವದ ಲೇಖನಗಳು, ಚಿತ್ರಗಳು ಮಹಿಳಾ ಪತ್ರಿಕೆಗಳ ಒಳಪುಟಗಳಲ್ಲಿ ಹೊಸತಲ್ಲ. ಅವುಗಳ ಮೇಲೆ ಇಂಥ ಕೋಲಾಹಲ ಎದ್ದಿರಲಿಲ್ಲ. ಒಳಪುಟವನ್ನು ತೆರೆದವರು ತಾವಾಗಿ ತೆರೆದಿರುತ್ತಾರೆ. ಮುಖಪುಟ ತೆರೆಯುವ ಮೊದಲೇ ಮನೆಮಂದಿಯ ಎದುರು, ಬಂದುಹೋಗುವವರ ಎದುರು ಇರುತ್ತದೆ. ಮತ್ತು ಆ ಮುಖಪುಟದ ಹೆಣ್ಣು ನೋಡುವವರನ್ನು ನೇರವಾಗಿ ದಿಟ್ಟಿಸಿದ್ದಳು. ಮನೆಯ ಒಪ್ಪಿಗೆ ಕೇಳುವ ಸೌಮ್ಯ ಮುಖದ ಜಾಗದಲ್ಲಿ, ಮನೆಯನ್ನೇ ಪ್ರಶ್ನಿಸುವ ಮುಖ ಬಂದಿತ್ತು.

ಎರಡನೆಯ ಆಕ್ಷೇಪ ಕಾಲದ್ದು. ಇಂದು ಪತ್ರಿಕೆಯನ್ನು ಮನೆಮಂದಿಯೆಲ್ಲ ಹಂಚಿಕೊಂಡು ಓದುವ ದಿನ ಹೋಯಿತು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಫೋನಿದೆ. ಮುಖಪುಟ ಉಗುರಿನಗಲದ ಚಿತ್ರವಾಗಿದೆ. ಈ ಚರ್ಚೆ ಹಳೆಯ ಕಾಲಕ್ಕೆ ಸಂಬಂಧಿಸಿದ್ದು ಎನ್ನಬಹುದು. ಬದಲಾವಣೆ ನಿಜ. ಉಗುರಿನಗಲದಲ್ಲಿ ಒತ್ತಕ್ಷರ ಓದಲಾಗುವುದಿಲ್ಲ, ಬಣ್ಣ ಮಾತ್ರ ಉಳಿಯುತ್ತದೆ. ಹಾಗಾಗಿ ಸಾಲುಗಳು ಕಡಿಮೆಯಾಗುತ್ತವೆ, ಒಂದೇ ಮುಖ ದೊಡ್ಡದಾಗುತ್ತದೆ. ಆದರೆ ಮನೆ ಕಣ್ಮರೆಯಾಗಿಲ್ಲ. ಮುಖಪುಟದ ಚಿತ್ರ ಇಂದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ. ಅಲ್ಲಿ ಅಜ್ಜಿಯೂ ಮೊಮ್ಮಗಳೂ, ಊರಲ್ಲಿರುವ ಅಣ್ಣನೂ ದುಬೈಯಲ್ಲಿರುವ ತಮ್ಮನೂ ಒಟ್ಟಿಗಿದ್ದಾರೆ. ಆ ಗುಂಪಿಗೆ ಹಾಕಬಹುದಾದದ್ದು, ಹಾಕಬಾರದ್ದು ಎಂಬ ಅಳತೆ ಹಳೆಯ ನಡುಮನೆಯ ಅಳತೆಗೆ ಬಹಳ ದೂರದ್ದಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ನನ್ನಲ್ಲಿ ಪೂರ್ತಿ ಒಪ್ಪಿಗೆಯ ಹೊರತು ಬೇರೆ ಉತ್ತರವಿಲ್ಲ. ಮನೆ, ಮನೆ ಎನ್ನುತ್ತೀರಲ್ಲ, ಅದು ಯಾರ ಮನೆ? ಮುಖಪುಟದ ಸೌಮ್ಯ ಯುವತಿ ಬಿಳುಪು ಮೈಬಣ್ಣದವಳು. ಅವಳ ಸೀರೆ, ಒಡವೆ, ಹೂವು ಪಟ್ಟಣದ ಅನುಕೂಲಸ್ಥ, ಬಹುಮಟ್ಟಿಗೆ ಮೇಲ್ಜಾತಿಯ ಮನೆಗಳವು. ಎಲ್ಲ ಮನೆಗಳಿಗೂ ಸಲ್ಲುವ ಮುಖವೆಂದು ಆರಿಸಿದ್ದು ಒಂದು ಬಗೆಯ ಮನೆಯ ಮುಖವನ್ನು. ಉಳಿದ ಮನೆಗಳ ಹೆಣ್ಣುಮಕ್ಕಳು ಮುಖಪುಟಕ್ಕೆ ಬರಲೇ ಇಲ್ಲವೆಂದಲ್ಲ. ಬಂದ ಬಗೆ ಬೇರೆ. ಸುಗ್ಗಿಯ ಸಂಚಿಕೆಯಲ್ಲಿ ತೆನೆಯ ಹೊರೆ ಹೊತ್ತು ನಡೆಯುವವಳು, ನಾಟಿಯ ಗದ್ದೆಯಲ್ಲಿ ಬಾಗಿದವಳು, ಸಂತೆಯಲ್ಲಿ ಬುಟ್ಟಿಯ ಮುಂದೆ ಕೂತವಳು. ಈ ಚಿತ್ರಗಳಲ್ಲಿ ಕ್ಯಾಮೆರಾ ಬಹುಮಟ್ಟಿಗೆ ದೂರದಲ್ಲಿರುತ್ತದೆ, ಅವಳ ಕಣ್ಣು ಕೆಲಸದ ಮೇಲಿರುತ್ತದೆ. ಪಟ್ಟಣದ ಯುವತಿಗೆ ಮುಖ ಸಿಕ್ಕಿತು, ದುಡಿಯುವವಳಿಗೆ ಭಂಗಿ ಸಿಕ್ಕಿತು. ಒಬ್ಬಳು ನೋಡಿದಳು, ಇನ್ನೊಬ್ಬಳನ್ನು ನೋಡಲಾಯಿತು. ಒಪ್ಪಿಗೆಯನ್ನು ಯಾವ ಮನೆಯಿಂದ ಕೇಳಲಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ದುಡಿಯುವ ಮನೆಗಳಲ್ಲೂ ಅಕ್ಷರ ಬಂತು, ಆ ಮನೆಗಳ ಮಕ್ಕಳೂ ಇದೇ ಪತ್ರಿಕೆಗಳನ್ನು ಓದಿ ಬರಹಗಾರರಾದರು, ಅವರ ಕಥೆ ಕವಿತೆಗಳು ಒಳಪುಟಗಳಿಗೆ ಏರಿದವು. ಒಳಪುಟ ತೆರೆದುಕೊಂಡಷ್ಟು ಬೇಗ ಮುಖಪುಟ ತೆರೆದುಕೊಳ್ಳಲಿಲ್ಲ.

ಇಲ್ಲಿ ಮತ್ತೆ ಕೊರವಂಜಿ ನೆನಪಾಗುತ್ತಾಳೆ. ಅಲೆಮಾರಿ ಸಮುದಾಯದ ಆ ಹೆಣ್ಣು ಮನೆಯೊಡತಿಯ ಕೈ ಹಿಡಿದು, ಮುಖವನ್ನು ದಿಟ್ಟಿಸಿ, ಅವಳ ಮನಸ್ಸಿನಲ್ಲಿದ್ದುದನ್ನು ಹೇಳುವವಳು. ಒಂದು ಪತ್ರಿಕೆಯ ಹೆಸರಾಗಿ ಅವಳು ಎಷ್ಟೋ ಮನೆಗಳ ಒಳಗೆ ಬಂದಳು. ದೀಪಾವಳಿ ವಿಶೇಷಾಂಕದಲ್ಲಿ ಹಣತೆ ಹಿಡಿದು ನಿಂತ ಹೆಣ್ಣುಗಳ ಸಾಲಿನಲ್ಲಿ ಅವಳಂಥ ಮುಖ ಎಷ್ಟು ಸಲ ಬಂದಿದೆ, ಬಂದಾಗ ಅದು ಯಾವ ಕಡೆ ನೋಡುತ್ತಿದೆ? ಐವತ್ತು ಅರವತ್ತು ವರ್ಷಗಳ ವಿಶೇಷಾಂಕಗಳನ್ನು ಸಾಲಾಗಿಟ್ಟು, ಮುಖಗಳನ್ನು ಒಂದೊಂದಾಗಿ ಗುರುತುಹಾಕಿಕೊಂಡು ಎಣಿಸಬೇಕಾದ ಕೆಲಸ ಇದು. ಎಣಿಸುವುದಕ್ಕೆ ಬೇಕಾದ ಹಾಳೆಗಳು ಬೈಂಡು ಮಾಡಿದ ಸಂಪುಟಗಳಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ, ತಾಲ್ಲೂಕು ಕೇಂದ್ರಗಳ ವಾಚನಾಲಯಗಳ ಮೂಲೆಯ ಕಟ್ಟುಗಳಲ್ಲಿ, ಮನೆಗಳ ಅಟ್ಟದ ಮೇಲೆ, ಪಿನ್ನು ತುಕ್ಕು ಹಿಡಿದ ಬಿಡಿ ಸಂಚಿಕೆಗಳಲ್ಲಿ ಅವು ಇನ್ನೂ ಇವೆ.